ಸಮ್ಮೇಳನದ ಬಿಡಾರ

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಊರಿನಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ನಾನೂ ನನ್ನ ಸಹೋದ್ಯೋಗಿ ಮಿತ್ರರೊಬ್ಬರೂ ರಾತ್ರಿ ಹತ್ತೂವರೆಯ ಬಸ್ಸಿನಲ್ಲಿ ಹೋಗಿ ಇಳಿದೆವು. ಎಲ್ಲಾದರೂ ಒಂದು ಕೊಠಡಿ ಸಿಕ್ಕೀತೆಂಬ ಭರವಸೆ ನಮ್ಮದು. ನಾಲ್ಕು ಲಾಡ್ಜುಗಳ ಮೆಟ್ಟಿಲು ಹತ್ತಿ ಇಳಿದದ್ದಾಯಿತು. ಮೊದಲನೆಯದರಲ್ಲಿ ಗುಮಾಸ್ತ ತಲೆಯೆತ್ತದೆಯೇ ಕೈಯಾಡಿಸಿದ. ಎರಡನೆಯದರಲ್ಲಿ ಬಾಡಿಗೆ ಮೂರು ಪಟ್ಟಾಗಿತ್ತು. ಕೊಡುವುದೋ ಬೇಡವೋ ಎಂದು ನಾವು ಯೋಚಿಸುತ್ತ ನಿಂತ ಐದು ನಿಮಿಷದಲ್ಲಿ ಆ ಕೊಠಡಿಯೂ ಅನ್ಯರ ಪಾಲಾಯಿತು. ಮೂರನೆಯದರ ಬಾಗಿಲೇ ತೆರೆಯಲಿಲ್ಲ. ನಾಲ್ಕನೆಯವನು ಮಾತ್ರ ನಮ್ಮ ಮುಖ ನೋಡಿ, “ಸಾರ್, ನೀವು ಪ್ರತಿನಿಧಿಗಳೇನು? ಹಾಗಾದರೆ ಹೈಸ್ಕೂಲಿಗೆ ಹೋಗಿ, ಅಲ್ಲಿ ವ್ಯವಸ್ಥೆ ಮಾಡಿದ್ದಾರೆ” ಎಂದು ದಾರಿ ತೋರಿಸಿದ.

ಹೋದೆವು. ಎಂಟನೆಯ ತರಗತಿಯ ಕೋಣೆಯಲ್ಲಿ ಜಮಖಾನ ಹಾಸಿ ಇಪ್ಪತ್ತು ಮಂದಿ ಮಲಗಿದ್ದರು. ಕರಿಹಲಗೆಯ ಮೇಲೆ ಯಾರೋ ಮೇಷ್ಟ್ರು ಬರೆದ ಸಮಾಸಗಳ ಉದಾಹರಣೆಗಳು ಹಾಗೆಯೇ ಉಳಿದಿದ್ದವು. ಅವುಗಳಲ್ಲಿ ಒಂದು ತಪ್ಪಾಗಿತ್ತು. ನಿದ್ದೆಗೇನೂ ಕೊರತೆಯಾಗಲಿಲ್ಲ. ಕಷ್ಟ ಬಂದದ್ದು ಬೆಳಗ್ಗೆ. ಇದ್ದ ಆರು ಶೌಚಾಲಯಗಳಲ್ಲಿ ನೀರು ಬರುತ್ತಿದ್ದುದು ಒಂದರಲ್ಲಿ. ಎಂಟು ಗಂಟೆಯ ಹೊತ್ತಿಗೆ ಅದರ ಬಳಿಯೂ ಸುಳಿಯುವಂತಿರಲಿಲ್ಲ. ಬಾಗಿಲ ಮೂಲೆಯಲ್ಲಿ ಒಂದು ಪೊರಕೆ ಒರಗಿಕೊಂಡಿತ್ತು. ಎಲ್ಲರೂ ಅದನ್ನು ನೋಡಿದರು, ನಾನೂ ನೋಡಿದೆ. ಮೂಗು ಮುಚ್ಚಿಕೊಂಡು ಮೈದಾನದ ಕಡೆಗೆ ನಡೆದೆ. ಆಮೇಲೆ ಮೆರವಣಿಗೆಯಲ್ಲಿ ಸೇರಿ ಭುವನೇಶ್ವರಿಗೆ ಜಯಕಾರವನ್ನೂ ಹಾಕಿದೆ.

ಆ ಪೊರಕೆ ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಚರಿತ್ರೆಯನ್ನು ಓದುವವನಿಗೆ ಅದು ಬೇರೊಂದು ಪೊರಕೆಯನ್ನು ನೆನಪಿಗೆ ತರುತ್ತದೆ.

ನಮ್ಮ ಜನಕ್ಕೆ ಕೂಟಗಳು ಹೊಸವಲ್ಲ. ಜಾತ್ರೆಗೆ ಹೋದವನು ನೆಂಟರ ಜಗಲಿಯಲ್ಲೋ ಗಾಡಿಯ ಅಡಿಯಲ್ಲೋ ತನ್ನ ಜಾತಿಯವರ ಛತ್ರದಲ್ಲೋ ಮಲಗಿ ಎದ್ದು ಬರುತ್ತಿದ್ದ. ಆದರೆ ಮಹಾಸಭೆ ಎಂಬುದು ಹೊಸದು. ಬೇರೆ ಬೇರೆ ಪ್ರಾಂತ, ಭಾಷೆ, ಜಾತಿಗಳ ಜನ ಒಂದೇ ಊರಿಗೆ ಬಂದು ಮೂರು ನಾಲ್ಕು ರಾತ್ರಿ ಒಂದೇ ಸೂರಿನ ಕೆಳಗೆ ಇರಬೇಕೆಂದರೆ ಅವರನ್ನು ಎಲ್ಲಿ ಇಡುವುದು, ಯಾರು ಬಡಿಸುವುದು, ಯಾರು ಬಳಿಯುವುದು? 1885ರಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಪುಣೆಯಲ್ಲಿ ಸೇರಬೇಕಾಗಿತ್ತು. ಅಲ್ಲಿ ಕಾಲರಾ ತಲೆದೋರಿದ್ದರಿಂದ ಮುಂಬಯಿಗೆ ಹೋಯಿತು. ಬಂದವರು 72 ಮಂದಿ. ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನ ಕಟ್ಟಡ ಸಭೆಗೂ ಆಯಿತು, ಬಿಡಾರಕ್ಕೂ ಆಯಿತು. 1887ರ ಮದ್ರಾಸಿನಲ್ಲಿ ಪ್ರತಿನಿಧಿಗಳು 607. ಮರುವರ್ಷ ಅಲಹಾಬಾದಿನಲ್ಲಿ 1,248. ಅಲ್ಲಿ ಸಭೆಗೆ ಜಾಗ ದೊರೆಯದಂತೆ ಸರ್ಕಾರವೇ ಅಡ್ಡಿಮಾಡಿತು. ಖುಸ್ರೋ ಬಾಗನ್ನು ಕೇಳಿದರೆ ಇಲ್ಲವೆಂದರು. ಕೊನೆಗೆ ಒದಗಿದ್ದು ಲೌದರ್ ಕ್ಯಾಸಲ್ ಎಂಬ ಬಂಗಲೆ. ದರ್ಭಂಗಾದ ಮಹಾರಾಜ ಲಕ್ಷ್ಮೀಶ್ವರ ಸಿಂಗರು ಅದನ್ನು ಕೊಂಡು ಕಾಂಗ್ರೆಸ್ಸಿನ ಬಳಕೆಗೆ ಬಿಟ್ಟುಕೊಟ್ಟರು. ಮುಂಬಯಿಯಲ್ಲಿ 1889ರಲ್ಲಿ ಸೇರಿದ ಪ್ರತಿನಿಧಿಗಳು ಇಸವಿಗೆ ಸರಿಯಾಗಿ 1,889! ಆ ವರ್ಷವೇ ಹತ್ತು ಲಕ್ಷ ಜನಕ್ಕೆ ಐವರು ಪ್ರತಿನಿಧಿಗಳು ಸಾಕೆಂದು ಮಿತಿ ಹಾಕಿದರು. ದೇಶಭಕ್ತಿಗೆ ಮಿತಿಯಿಲ್ಲದಿದ್ದರೂ ಚಾಪೆಗೆ ಮಿತಿಯುಂಟಷ್ಟೆ.

ಇನ್ನು ಆ ಪೊರಕೆಯ ಮಾತು. 1901ರ ಕೊನೆಯಲ್ಲಿ ಕಲ್ಕತ್ತೆಯಲ್ಲಿ ದಿನಶಾ ವಾಚಾ ಅವರ ಅಧ್ಯಕ್ಷತೆಯಲ್ಲಿ ಅಧಿವೇಶನ. ದಕ್ಷಿಣ ಆಫ್ರಿಕದಿಂದ ಬಂದಿದ್ದ ಮೂವತ್ತೆರಡು ವರ್ಷದ ವಕೀಲರೊಬ್ಬರು ರೈಲಿನಿಂದಿಳಿದು, ನಾನು ಎಲ್ಲಿಗೆ ಹೋಗಬೇಕಪ್ಪ ಎಂದು ಸ್ವಯಂಸೇವಕನೊಬ್ಬನನ್ನು ಕೇಳಿದರು. ಅಧ್ಯಕ್ಷರಿಗೆ ಸಂಭ್ರಮದ ಸ್ವಾಗತ ದೊರೆತಿತ್ತು. ಇವರನ್ನು ಕರೆದುಕೊಂಡು ಹೋದದ್ದು ರಿಪನ್ ಕಾಲೇಜಿಗೆ. (ಇಂದು ಅದು ಸುರೇಂದ್ರನಾಥ ಕಾಲೇಜು.) ಲೋಕಮಾನ್ಯ ತಿಲಕರ ಬಿಡಾರವೂ ಅದೇ ಕಟ್ಟಡದಲ್ಲೇ. ಆ ವಕೀಲರು ಮೋಹನದಾಸ ಗಾಂಧಿಯವರೆಂದು ಓದುಗರಿಗೆ ಹೇಳಬೇಕಾಗಿಲ್ಲ. ಅಲ್ಲಿ ಕಂಡದ್ದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಸ್ವಯಂಸೇವಕನಿಗೆ ಒಂದು ಕೆಲಸ ಹೇಳಿದರೆ ಅವನು ಇನ್ನೊಬ್ಬನಿಗೆ ಹೇಳುವನು, ಆ ಇನ್ನೊಬ್ಬ ಮತ್ತೊಬ್ಬನಿಗೆ. ಕೆಲಸ ಮಾತ್ರ ಇದ್ದಲ್ಲೇ ಇರುವುದು. ತಮಿಳು ಪ್ರತಿನಿಧಿಗಳಿಗೆ ಉಳಿದವರ ದೃಷ್ಟಿ ಬಿದ್ದರೂ ಊಟ ಮೈಲಿಗೆ. ಆದ್ದರಿಂದ ಅವರಿಗೆಂದು ಕಾಲೇಜಿನ ಆವರಣದಲ್ಲಿಯೇ ತಟ್ಟಿ ಕಟ್ಟಿ, ಉಸಿರುಗಟ್ಟುವ ಬೇರೊಂದು ಪಾಕಶಾಲೆ ಮಾಡಿದ್ದರು. ಅಡುಗೆ, ಊಟ, ಕೈತೊಳೆಯುವುದು ಎಲ್ಲ ಆ ಹೊಗೆಯೊಳಗೇ. ದೇಶವನ್ನು ಒಂದುಗೂಡಿಸಲು ಬಂದವರು ತಟ್ಟಿಯ ಹಿಂದೆ ಕುಳಿತು ಉಣ್ಣುತ್ತಿದ್ದರು.

ಎಲ್ಲೆಲ್ಲೂ ನಿಂತ ನೀರು. ಶೌಚಾಲಯಗಳೋ ಕೆಲವೇ ಕೆಲವು. ಅವುಗಳ ದುರ್ವಾಸನೆಯನ್ನು ನೆನೆದರೆ ಇಂದಿಗೂ ಹಿಂಸೆಯಾಗುತ್ತದೆಂದು ಗಾಂಧೀಜಿ ಬರೆದಿದ್ದಾರೆ. ಸ್ವಯಂಸೇವಕರಿಗೆ ತೋರಿಸಿದರೆ, ಅದು ಝಾಡಮಾಲಿಯ ಕೆಲಸ, ನಮ್ಮದಲ್ಲ ಎಂದುಬಿಟ್ಟರು. ಇವರು ಪೊರಕೆ ಕೇಳಿದಾಗ ಕೇಳಿಸಿಕೊಂಡವನು ಬೆಕ್ಕಸಬೆರಗಾಗಿ ನಿಂತನಂತೆ. ಕೊನೆಗೆ ತಾವೇ ಪೊರಕೆ ಹುಡುಕಿ ತಂದು ಒಂದನ್ನು ಶುಚಿಮಾಡಿಕೊಂಡರು. ಅಷ್ಟು ಜನಕ್ಕೆ ಅದು ಎಲ್ಲಿ ಸಾಲಬೇಕು? ರಾತ್ರಿ ಕೆಲವು ಪ್ರತಿನಿಧಿಗಳು ಕೋಣೆಯ ಹೊರಗಿನ ಜಗಲಿಯನ್ನೇ ಅದಕ್ಕೆ ಬಳಸಿದರು. ಬೆಳಗ್ಗೆ ಅದನ್ನು ತೊಳೆಯಲು ಮುಂದೆ ಬಂದವರು ಯಾರೂ ಇಲ್ಲ. ಅಧಿವೇಶನ ಇನ್ನೂ ಕೆಲವು ದಿನ ನಡೆದಿದ್ದರೆ ಸಾಂಕ್ರಾಮಿಕ ರೋಗಕ್ಕೆ ಅನುಕೂಲವಾಗುತ್ತಿತ್ತೆಂದು ಅವರ ಅಭಿಪ್ರಾಯ. ಆ ವರ್ಷದ ನಿರ್ಣಯಗಳು ಇಂದು ಎಷ್ಟು ಜನಕ್ಕೆ ನೆನಪಿವೆ? ನನಗಂತೂ ನೆನಪಿರುವುದು ಆ ಜಗಲಿ.

ಇಪ್ಪತ್ತಮೂರು ವರ್ಷ ಕಳೆದು, 1924ರ ಡಿಸೆಂಬರ್ 26 ಮತ್ತು 27ರಂದು, ರಿಪನ್ ಕಾಲೇಜಿನ ಆ ಅತಿಥಿಯೇ ಕಾಂಗ್ರೆಸ್ಸಿನ ಅಧ್ಯಕ್ಷರು. ಅಧಿವೇಶನ ನಮ್ಮ ಬೆಳಗಾವಿಯಲ್ಲಿ. ಗಾಂಧೀಜಿ ಅಧ್ಯಕ್ಷರಾದದ್ದು ಇದೊಂದೇ ಅಧಿವೇಶನಕ್ಕೆ. ಕಲ್ಕತ್ತೆ ಮುಂಬಯಿಗಳಂತೆ ಬೆಳಗಾವಿಯಲ್ಲಿ ದೊಡ್ಡ ದೊಡ್ಡ ಕಟ್ಟಡಗಳಿರಲಿಲ್ಲ. ಸ್ವಾಗತ ಸಮಿತಿಯ ಅಧ್ಯಕ್ಷರಾದ ಗಂಗಾಧರರಾವ್ ದೇಶಪಾಂಡೆಯವರು ಕೊಠಡಿ ಹುಡುಕುವ ಗೋಜಿಗೆ ಹೋಗದೆ ಟಿಳಕವಾಡಿಯಲ್ಲಿ ಒಂದು ಊರನ್ನೇ ಕಟ್ಟಿಸಿದರು. ಅದಕ್ಕೆ ವಿಜಯನಗರವೆಂದು ಹೆಸರು. ಹಂಪೆಯ ಗೋಪುರದ ಮಾದರಿಯ ಮಹಾದ್ವಾರ. ಅಧ್ಯಕ್ಷರಿಗೆ ಬಿದಿರು ಹುಲ್ಲುಗಳ ಕುಟೀರ. ಇಷ್ಟು ಜನಕ್ಕೆ ನೀರು ಬೇಡವೆ? ಬಾವಿಯೊಂದನ್ನು ತೋಡಿಸಿ ಪಂಪಾಸರೋವರವೆಂದು ಕರೆದರು. ಅದಕ್ಕೆ ತಗುಲಿದ ವೆಚ್ಚ 4,370 ರೂಪಾಯಿ 3 ಆಣೆಯೆಂದು ಹೇಳುತ್ತಾರೆ. ಆ ಮೂರು ಆಣೆಯನ್ನೂ ಲೆಕ್ಕದಲ್ಲಿ ಬರೆದಿಟ್ಟವರ ಮೇಲೆ ನನಗೆ ಬಹಳ ಗೌರವ. ಬೆಳಗಾವಿ ಅಧಿವೇಶನವೆಂದರೆ ನಮಗೆ ಹುಯಿಲಗೋಳ ನಾರಾಯಣರಾಯರ ನಾಡಗೀತೆ ನೆನಪಾಗುತ್ತದೆ, ಏಕೀಕರಣದ ಪರಿಷತ್ತು ನೆನಪಾಗುತ್ತದೆ. ಅವುಗಳ ಜೊತೆಗೆ ಈ ಬಾವಿಯೂ ನೆನಪಾಗಬೇಕು. ಕಾಂಗ್ರೆಸ್ ಬಾವಿಯೆಂಬ ಹೆಸರಿನಲ್ಲಿ ಅದು ಈಗಲೂ ಅಲ್ಲಿದೆ.

ಡೇರೆ ಎತ್ತುವುದಕ್ಕೆ ಹಣ ಸಾಕು. ಬಳಿಯುವುದಕ್ಕೆ ಮನಸ್ಸು ಬೇಕು. ಹಿಂದಿನ ವರ್ಷ ಕಾಕಿನಾಡದಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಸ್ಥಾಪಿಸಿದ್ದ ಡಾ. ನಾ. ಸು. ಹರ್ಡೀಕರರು ಸ್ವಯಂಸೇವಕರಿಗೆ ಶಿಸ್ತು ಕಲಿಸಿದ್ದರು. ನೈರ್ಮಲ್ಯದ ಹೊಣೆಯನ್ನು ಹೊತ್ತವರು, ಹಿಂದೆ ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಉಪಾಧ್ಯಾಯರಾಗಿದ್ದ ಕಾಕಾ ಕಾಲೇಲಕರರು. ಬ್ರಾಹ್ಮಣ ತರುಣರೂ ಅವರ ಜೊತೆಗೆ ನಿಂತು ಕಕ್ಕಸು ಗುಂಡಿಗಳ ಕೆಲಸ ಮಾಡಿದರು. ಕಲ್ಕತ್ತೆಯಲ್ಲಿ ನಮ್ಮದಲ್ಲವೆಂದದ್ದು ಬೆಳಗಾವಿಯಲ್ಲಿ ನಮ್ಮದಾಯಿತು.

ಹಾಗೆಂದು ಎಲ್ಲವೂ ಅಳಿಸಿಹೋಯಿತೆಂದು ಹೇಳಲಾರೆ. ಆ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಹಾನಗಲ್ಲರೂ ಇದ್ದರು. ಗಾಂಧೀಜಿಯ ಮುಂದೆ ಹಾಡುವ ಅಳುಕು ಆಕೆಗಿರಲಿಲ್ಲ. ಊಟವಾದ ಮೇಲೆ, ನೀನು ಇಂಥ ಜಾತಿಯವಳು, ಎಂಜಲೆಲೆ ಎತ್ತು ಎಂದಾರೋ ಏನೋ ಎಂಬುದೇ ಭಯ. ಆ ಭಯವನ್ನು ಅವರು ಪ್ರಸಿದ್ಧ ಗಾಯಕಿಯಾದ ಮೇಲೂ ನೆನೆಸಿಕೊಂಡಿದ್ದಾರೆ. ಎಷ್ಟು ದೊಡ್ಡ ಗೋಪುರ ಕಟ್ಟಿದರೂ ಅದರಡಿಯಲ್ಲಿ ಹಾದುಬಂದ ಒಂದು ಮಗು ಪಂಕ್ತಿಯಲ್ಲಿ ಹೆದರಿಕೊಂಡು ಕುಳಿತಿತ್ತು.

ಈಗ ನಮ್ಮ ಊರಿನಲ್ಲಿಯೇ ತಾಲ್ಲೂಕು ಸಮ್ಮೇಳನ ಗೊತ್ತಾಗಿದೆ. ಮೇಷ್ಟ್ರು ಊರಿನವರೇ ತಾನೇ ಎಂದು ನನ್ನನ್ನು ವಸತಿ ಸಮಿತಿಗೆ ಹಾಕಿದ್ದಾರೆ. ಮೊದಲ ಸಭೆ ಎರಡು ಗಂಟೆ ನಡೆಯಿತು. ಮೆರವಣಿಗೆಗೆ ಸಾರೋಟು ಚೆನ್ನವೋ ತೆರೆದ ಜೀಪು ಚೆನ್ನವೋ ಎಂಬುದಕ್ಕೆ ಒಂದೂಕಾಲು ಗಂಟೆ ಹಿಡಿಯಿತು. ಕೊನೆಗೆ ‘ಇತರ ವಿಷಯಗಳು’ ಎಂಬಲ್ಲಿ ನಾನು ನೀರು ಶೌಚಾಲಯಗಳ ಮಾತೆತ್ತಿದೆ. “ಅದನ್ನೆಲ್ಲ ಪೌರಕಾರ್ಮಿಕರು ನೋಡಿಕೊಳ್ಳುತ್ತಾರೆ, ಬಿಡಿ ಮೇಷ್ಟ್ರೇ” ಎಂದರು ಅಧ್ಯಕ್ಷರು. ಒಳ್ಳೆಯವರು, ನಗುತ್ತಲೇ ಹೇಳಿದರು. ನಾನು ಸಾಮಾನಿನ ಪಟ್ಟಿಯ ಕೆಳಗೆ ಹನ್ನೆರಡು ಪೊರಕೆ, ಆರು ಬಕೆಟ್ಟು ಎಂದು ಸೇರಿಸಿ, ಅದರ ಮುಂದೆ ನನ್ನ ಹೆಸರು ಬರೆದು ಕೊಟ್ಟಿದ್ದೇನೆ. ಮಂಜೂರಾತಿ ಇನ್ನೂ ಬಂದಿಲ್ಲ.