ದಿಲ್ಮುನ್ ಮಾನದ ತಾಮ್ರ: ತೂಕದಿಂದ ಸಾಂದ್ರತೆಯವರೆಗೆ

ಬಹರೈನಿನ ಟುಬ್ಲಿಯಿಂದ ವಾಯವ್ಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಕಲಾತ್ ಅಲ್-ಬಹರೈನ್ ದಿಬ್ಬವಿದೆ. 1950ರ ದಶಕದಲ್ಲಿ ಡೆನ್ಮಾರ್ಕಿನ ಪುರಾತತ್ವ ತಂಡ ಅಲ್ಲಿ ಅಗೆದಾಗ ನುಣುಪು ಕಲ್ಲಿನ ತೂಕದ ಬಟ್ಟುಗಳು ಸಿಕ್ಕವು. ಹರಪ್ಪ, ಮೊಹೆಂಜೊದಾರೊಗಳ ಸುಮಾರು 13.7 ಗ್ರಾಂ ಮಾನಕ್ಕೆ ಹೊಂದುವ ಬಟ್ಟುಗಳು ಅವು. ತಂಡದ ಜೆಫ್ರಿ ಬಿಬ್ಬಿ 1970ರಲ್ಲಿ ಇದನ್ನೇ ದಿಲ್ಮುನ್, ಅಂದರೆ ಪ್ರಾಚೀನ ಬಹರೈನಿನ, ಮಾನವೆಂದು ವಾದಿಸಿದರು. 1982ರಲ್ಲಿ ಮೈಕೆಲ್ ರೋಫ್ ಆ ಲೆಕ್ಕವನ್ನು ಗಟ್ಟಿಗೊಳಿಸಿದರು.

ಇದಕ್ಕೆ ಮುಖ್ಯ ಸಾಕ್ಷಿ ಮೆಸೊಪೊಟೇಮಿಯದ ಊರ್ ನಗರದ ಒಂದು ಜೇಡಿಮಣ್ಣಿನ ಹಲಗೆ. ಕ್ರಿ.ಪೂ. 19–18ನೇ ಶತಮಾನದ ಆ ವ್ಯಾಪಾರದ ಲೆಕ್ಕದಲ್ಲಿ ದಿಲ್ಮುನ್ ಮಾನದ 13,100 ಮಿನಾ ತಾಮ್ರ ಊರಿನ ಮಾನದಲ್ಲಿ 611 ಟ್ಯಾಲೆಂಟ್‌ಗಿಂತ ತುಸು ಹೆಚ್ಚಾಗುತ್ತದೆ. ಭಾಗಿಸಿ ನೋಡಿದರೆ ದಿಲ್ಮುನಿನ ಒಂದು ಮಿನಾ ಸುಮಾರು 1.37 ಕಿಲೋ, ಅಂದರೆ ಸಿಂಧೂ ಮಾನದ ನೂರು ಪಟ್ಟು. ಒಟ್ಟು ತಾಮ್ರ ಸುಮಾರು 18 ಟನ್.

ಆ ಹಲಗೆ ಬರೆದ ಲೆಕ್ಕಿಗರು ಎತ್ತದ ಪ್ರಶ್ನೆಯೊಂದಿದೆ: ಅಷ್ಟು ತಾಮ್ರ ಎಷ್ಟು ಜಾಗ ಹಿಡಿಯುತ್ತದೆ? ತಾಮ್ರದ ಸಾಂದ್ರತೆ ಘನ ಸೆಂ.ಮೀ.ಗೆ 8.96 ಗ್ರಾಂ. ಹಾಗಾದರೆ 18 ಟನ್ನಿಗೆ ಎರಡು ಘನ ಮೀಟರ್ ಸಾಕು. ಗಟ್ಟಿಗಳ ನಡುವಿನ ಸಂದು ಸೇರಿಸಿದರೆ ಇನ್ನಷ್ಟು. ಅಷ್ಟೇ ತೂಕದ ಬಾರ್ಲಿಗೆ ಸುಮಾರು ಮೂವತ್ತು ಘನ ಮೀಟರ್ ಬೇಕು. ನಾವಿಕನಿಗೆ ಈ ವ್ಯತ್ಯಾಸ ಅನುಭವದಿಂದ ತಿಳಿದಿರಲೇಬೇಕೆಂಬುದು ನನ್ನ ಊಹೆ. ಆದರೆ ಬೆಲೆ ಕಟ್ಟಲು ತೂಕವೊಂದೇ ಸಾಕಾಗಿದ್ದರಿಂದ ಅದು ಆ ಹಲಗೆಗೆ ಇಳಿದಿರಲಿಕ್ಕಿಲ್ಲ.

ಸಾಂದ್ರತೆಯನ್ನು ಅಂಕಿಗೆ ಇಳಿಸುವ ಒತ್ತಡ ಬಹುಮಟ್ಟಿಗೆ ಕಲಬೆರಕೆಯ ಭಯದಿಂದ ಬಂದಿತು. ನಮ್ಮ ಅಕ್ಕಸಾಲಿಗರ ಒರೆಗಲ್ಲು ಮೇಲ್ಮೈಯನ್ನಷ್ಟೇ ಪರೀಕ್ಷಿಸುತ್ತದೆ; ಒಳಗಿನ ತಿರುಳನ್ನು ತಿಳಿಯಲು ನೀರು ಬೇಕು. ಆರ್ಕಿಮಿಡೀಸನ ಕಿರೀಟದ ಕಥೆ ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಬಿಡುತ್ತೇನೆ. 11ನೇ ಶತಮಾನದಲ್ಲಿ ಅಲ್-ಬಿರೂನಿ ಲೋಹವನ್ನು ನೀರು ತುಂಬಿದ ಪಾತ್ರೆಗೆ ಇಳಿಸಿ, ಹೊರಚೆಲ್ಲಿದ ನೀರನ್ನೇ ತೂಗಿದ. 1121ರಲ್ಲಿ ಅಲ್-ಖಾಜಿನಿ ಈ ಕೆಲಸಕ್ಕೆಂದೇ ಮಾಡಿದ ತಕ್ಕಡಿಯನ್ನು ವಿವರಿಸಿದ. ಅಕ್ಬರನ ಕಾಲದ ಐನ್-ಇ-ಅಕ್ಬರಿಯಲ್ಲೂ ಲೋಹಗಳನ್ನು ಹೀಗೆ ಹೋಲಿಸುವ ಪಟ್ಟಿ ಇದೆ. ಸಮಾನ ಗಾತ್ರದಲ್ಲಿ ಚಿನ್ನ 100 ತೂಗಿದರೆ ಪಾದರಸ 71, ಸೀಸ 59, ಬೆಳ್ಳಿ 54, ತಾಮ್ರ 45, ಕಬ್ಬಿಣ 40. ಚಿನ್ನದ ಸಾಂದ್ರತೆಯ ಇಂದಿನ ಅಂಕಿಯಾದ 19.3ರಿಂದ ಲೆಕ್ಕ ಹಾಕಿದರೆ ಬೆಳ್ಳಿಗೆ 10.4 ಬರುತ್ತದೆ, ಇಂದಿನ ಅಳತೆ 10.49. ತಾಮ್ರದ ಅಂಕಿ ತುಸು ಕಡಿಮೆ. ಅದೇ 45ನ್ನು ಹಿತ್ತಾಳೆಗೂ ಹೇಳಿರುವುದು ಗಮನಾರ್ಹ.

ಮತ್ತೆ ದಿಲ್ಮುನಿನ ನೆಲಕ್ಕೆ ಮರಳಿದರೆ, 1971ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಬಾ ಕಾರ್ಖಾನೆಯಿಂದಾಗಿ ಬಹರೈನ್ ಈಗ ಅಲ್ಯೂಮಿನಿಯಂ ನಾಡು. 2.70 ಸಾಂದ್ರತೆಯ ಈ ಲೋಹಕ್ಕೆ ಊರಿನ ಆ 18 ಟನ್ ಸರಕಿನ ಲೆಕ್ಕ ಹಿಡಿದರೆ ಆರೂವರೆ ಘನ ಮೀಟರಿಗೂ ಮಿಕ್ಕಿ ಜಾಗ ಬೇಕು. ಇತ್ತ ಚಿನ್ನದ ಪರೀಕ್ಷೆಯಲ್ಲಿ ನೀರಿನ ಉಪಾಯಕ್ಕೆ ಮಿತಿ ತಂದದ್ದು 1783ರಲ್ಲಿ ಬೇರ್ಪಡಿಸಲಾದ ಟಂಗ್‌ಸ್ಟನ್. ಅದರ ಸಾಂದ್ರತೆ 19.25, ಚಿನ್ನದ ಗಟ್ಟಿಯೊಳಗೆ ಅದನ್ನು ತುಂಬಿದರೆ ತೂಕ, ಗಾತ್ರ ಎರಡೂ ಸರಿಹೋಗುತ್ತವೆ. ಹಾಗಾಗಿ ದೊಡ್ಡ ಗಟ್ಟಿಗಳನ್ನು ಈಗ ಶ್ರವಣಾತೀತ ಧ್ವನಿ ಹಾಯಿಸಿಯೂ ಪರೀಕ್ಷಿಸುತ್ತಾರೆ.