ಅಂಕೆಗೆ ಊರು ಬಂದ ಬಗೆ

1981ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಜಾನ್ ಪೋಸ್ಟೆಲ್ ಸಂಪಾದಿಸಿ ಹೊರತಂದ ಅಂತರ್ಜಾಲದ ಮೂಲನಿಯಮಾವಳಿಯು, ಜಾಲಕ್ಕೆ ಸೇರಿದ ಯಂತ್ರಗಳಿಗೆ 32 ಬಿಟ್‌ಗಳ ಸಂಖ್ಯೆಯೊಂದನ್ನು ವಿಳಾಸವಾಗಿ ಗೊತ್ತುಮಾಡಿತು. ಅಂತಹ ಸಂಖ್ಯೆಗಳ ಒಟ್ಟು ಮೊತ್ತ ಸುಮಾರು 429 ಕೋಟಿ. ವಿಳಾಸವೆಂಬ ಹೆಸರು ಪಡೆದರೂ ಅದರಲ್ಲಿ ಬೀದಿಯಾಗಲಿ ಊರಾಗಲಿ ದೇಶವಾಗಲಿ ಇರಲಿಲ್ಲ. ಯಾವ ಜಾಲದೊಳಗಿನ ಯಾವ ಯಂತ್ರವೆಂಬಷ್ಟು ತಿಳಿದರೆ ರೂಟರುಗಳ ಕಾರ್ಯ ಸಾಗುತ್ತಿತ್ತು. ಇಂದಾದರೋ ಬ್ಯಾಂಕು, ಅಂಗಡಿ, ಪತ್ರಿಕೆಗಳ ಸರ್ವರುಗಳಲ್ಲಿ ದಾಖಲಾಗುವ ಲಾಗ್ ಸಾಲುಗಳ ಪಕ್ಕದಲ್ಲಿ ದೇಶ, ನಗರ, ಅಕ್ಷಾಂಶ, ರೇಖಾಂಶಗಳು ತಾವಾಗಿಯೇ ಬಂದು ಕೂಡುವುದನ್ನು ಕಂಡವರು, ಇವೆಲ್ಲ ಐಪಿ ವಿಳಾಸದೊಡನೆಯೇ ಹುಟ್ಟಿದವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ವಸ್ತುತಃ ಅವು ಅನಂತರ, ಬೇರೆ ಬೇರೆ ಕೈಗಳಿಂದ, ಬೇರೆ ಬೇರೆ ಪ್ರಯೋಜನಗಳಿಗಾಗಿ ಸೇರಿಸಲ್ಪಟ್ಟವು. ಆ ಸೇರ್ಪಡೆಯ ಇತಿಹಾಸವನ್ನರಿಯದೆ ಪಕ್ಕದಲ್ಲಿ ಬರೆದ ಊರನ್ನು ನಂಬುವುದು ಕ್ಷೇಮವಲ್ಲ.

ಸ್ಥಳದ ಮೊದಲ ಸುಳಿವು ದೊರೆತುದು ನೋಂದಣಿ ಪುಸ್ತಕಗಳಿಂದ. ವಿಳಾಸಗಳ ಹಂಚಿಕೆಯನ್ನು ಭೂಭಾಗಗಳಿಗನುಸಾರವಾಗಿ ವಿಭಾಗಿಸಿ, ಯೂರೋಪಿಗೆ 1992ರಲ್ಲಿ ರೈಪ್, ಏಷ್ಯಾ ಮತ್ತು ಶಾಂತಸಾಗರ ಪ್ರದೇಶಕ್ಕೆ 1993ರಲ್ಲಿ ಎಪಿನಿಕ್, ಉತ್ತರ ಅಮೆರಿಕಕ್ಕೆ 1997ರಲ್ಲಿ ಎರಿನ್ ಎಂಬ ಸಂಸ್ಥೆಗಳು ಸ್ಥಾಪಿತವಾದಂತೆ, ಯಾವ ಸಂಖ್ಯಾಸಮೂಹ ಯಾರ ವಶದಲ್ಲಿದೆಯೆಂಬುದು ಸಾರ್ವಜನಿಕವಾಗಿ ತಿಳಿಯುವಂತಾಯಿತು. ಆದರೆ ಆ ಪುಸ್ತಕಗಳು ಹೇಳುತ್ತಿದ್ದುದು ವಿಳಾಸಗಳನ್ನು ಪಡೆದ ಸಂಸ್ಥೆಯ ಕಚೇರಿಯನ್ನು, ಯಂತ್ರದ ಮುಂದೆ ಕುಳಿತವನ ಊರನ್ನಲ್ಲ. ಒಂದು ಶಾಸನದ ಕಲ್ಲು ದೊರೆತ ಊರೇ ಅದು ಹುಟ್ಟಿದ ಊರಾಗಿರಬೇಕಿಲ್ಲವೆಂಬ ಎಚ್ಚರಿಕೆ ನಮ್ಮ ಶಾಸನತಜ್ಞರಿಗೆ ಹೇಗೆ ಅವಶ್ಯವೋ, ಇಲ್ಲಿಯೂ ಅಂತಹ ಎಚ್ಚರಿಕೆಯೇ ಅವಶ್ಯವಾಗಿತ್ತು. ಜಾಲದ ಒಡೆಯರು ತಮ್ಮ ಯಂತ್ರಗಳ ಅಕ್ಷಾಂಶ ರೇಖಾಂಶಗಳನ್ನು ಸ್ವಸಂತೋಷದಿಂದ ಡಿಎನ್ಎಸ್‌ನಲ್ಲಿ ಬರೆದಿಡಬಹುದೆಂಬ ಒಂದು ಪ್ರಾಯೋಗಿಕ ವಿಧಾನವೂ 1996ರ ಜನವರಿಯಲ್ಲಿ ಪ್ರಕಟವಾಯಿತು. ಹಾಗೆ ಬರೆದಿಟ್ಟವರು ಮಾತ್ರ ವಿರಳ.

ಪ್ರಶ್ನೆ ತೀವ್ರವಾದುದು ಪ್ಯಾರಿಸಿನ ನ್ಯಾಯಾಲಯದಲ್ಲಿ. ಯಾಹೂ ಸಂಸ್ಥೆಯ ಹರಾಜಿನಲ್ಲಿ ನಾಜಿ ಸ್ಮಾರಕವಸ್ತುಗಳು ಫ್ರಾನ್ಸಿನವರ ಕಣ್ಣಿಗೆ ಬೀಳುವುದನ್ನು ತಡೆಯಬೇಕೆಂದು 2000ದಲ್ಲಿ ದಾವೆ ನಡೆದಾಗ, ಬಂದವರು ಎಲ್ಲಿಯವರೆಂದು ತಿಳಿಯುವುದು ಸಾಧ್ಯವೇ ಎಂಬುದನ್ನು ಪರಿಶೀಲಿಸಲು ನ್ಯಾಯಾಧೀಶ ಗೋಮೆಜ್ ಅವರು ವಿಂಟ್ ಸರ್ಫ್, ಬೆನ್ ಲಾರಿ, ಫ್ರಾನ್ಸ್ವಾ ವಾಲೊನ್ ಎಂಬ ಮೂವರು ತಜ್ಞರನ್ನು ನೇಮಿಸಿದರು. ಫ್ರಾನ್ಸಿನಿಂದ ಬರುವವರಲ್ಲಿ ಶೇಕಡ 70ರಷ್ಟು ಮಂದಿಯನ್ನು ವಿಳಾಸದಿಂದಲೇ ಗುರುತಿಸಬಹುದೆಂದು ವರದಿ ಬಂತು. ಉಳಿದವರ ವಿಷಯವೂ ಅಷ್ಟೇ ಮುಖ್ಯ: ಎಒಎಲ್ ಸಂಸ್ಥೆಯ ಚಂದಾದಾರರು ಪ್ಯಾರಿಸಿನಲ್ಲಿದ್ದರೂ ಅವರ ವಿಳಾಸಗಳು ಅಮೆರಿಕದ ವರ್ಜೀನಿಯವನ್ನು ತೋರಿಸುತ್ತಿದ್ದವು.

ಮರುವರ್ಷವೇ ಮೈಕ್ರೋಸಾಫ್ಟ್ ಸಂಶೋಧನಾಲಯದ ವೆಂಕಟ ಪದ್ಮನಾಭನ್ ಅವರು ಲಕ್ಷ್ಮೀನಾರಾಯಣನ್ ಸುಬ್ರಮಣಿಯನ್ ಅವರೊಡನೆ ಮೂರು ಮಾರ್ಗಗಳನ್ನು ವಿವೇಚಿಸಿದರು: ದಾರಿಯ ರೂಟರುಗಳ ಹೆಸರಿನಲ್ಲಿ ಅಡಗಿರುವ ನಗರದ ಸಂಕೇತಗಳನ್ನು ಓದುವುದು, ಸಂದೇಶ ಹೋಗಿ ಬರುವ ಕಾಲವನ್ನಳೆಯುವುದು, ಊರು ಗೊತ್ತಿರುವ ಕೆಲವು ಬಳಕೆದಾರರ ಆಧಾರದಿಂದ ಅದೇ ಸಮೂಹದ ಮಿಕ್ಕ ವಿಳಾಸಗಳನ್ನು ಊಹಿಸುವುದು. ಎರಡನೆಯ ಮಾರ್ಗದ ತಳಹದಿ ಭೌತಶಾಸ್ತ್ರ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಚಲಿಸುವುದರಿಂದ, ಒಂದು ಮಿಲಿಸೆಕೆಂಡಿನಲ್ಲಿ ಉತ್ತರ ಹಿಂದಿರುಗಿದರೆ ಆ ಯಂತ್ರ 100 ಕಿಲೋಮೀಟರಿಗಿಂತ ದೂರದಲ್ಲಿರಲಾರದು. ತಡವಾಗಿ ಬಂದ ಉತ್ತರವಾದರೋ ದೂರವನ್ನು ಸೂಚಿಸಬಹುದು, ದಾರಿಯ ದಟ್ಟಣೆಯನ್ನೂ ಸೂಚಿಸಬಹುದು.

ಈ ಎಲ್ಲ ಸುಳಿವುಗಳನ್ನು ಕೂಡಿಸಿ ಕೋಷ್ಟಕ ಮಾಡಿ ಮಾರುವ ವ್ಯಾಪಾರವೂ ಅಷ್ಟರಲ್ಲಿ ತಲೆಯೆತ್ತಿತು. ಕೋಷ್ಟಕದ ಪ್ರಯೋಗ ಸರಳವಾದುದು. 192.0.2.1 ಎಂಬ ಮಾದರಿ ವಿಳಾಸವನ್ನು ಬಿಡಿಸಿದರೆ 3,22,12,25,985 ಎಂಬ ಒಂದೇ ಸಂಖ್ಯೆಯಾಗುತ್ತದೆ; ಅದು ಯಾವ ಆದಿ ಅಂತ್ಯಗಳ ನಡುವೆ ಬೀಳುವುದೋ ಆ ಸಾಲಿನ ಊರನ್ನು ತೆಗೆದು ದಾಖಲೆಗೆ ಅಂಟಿಸಿದರೆ ಕೆಲಸ ಮುಗಿಯಿತು. ಊರು ತಿಳಿಯದೆ ದೇಶ ಮಾತ್ರ ತಿಳಿದಿರುವಾಗ ಏನನ್ನು ಬರೆಯಬೇಕು ಎಂಬಲ್ಲಿ ಅನರ್ಥ ಹುಟ್ಟಿತು. ಮ್ಯಾಕ್ಸ್‌ಮೈಂಡ್ ಸಂಸ್ಥೆಯು ಅಮೆರಿಕದ ಮಧ್ಯಭಾಗವೆಂದು 38 ಅಕ್ಷಾಂಶ, -97 ರೇಖಾಂಶ ಎಂಬ ಪೂರ್ಣಾಂಕಗಳನ್ನಿಟ್ಟಿತು. ಆ ಬಿಂದು ಕ್ಯಾನ್ಸಸ್ ರಾಜ್ಯದ ಪಾಟ್ವಿನ್ ಗ್ರಾಮದ ಹತ್ತಿರದ ಒಂದು ಹೊಲಮನೆಯ ಬಳಿ ಬಿದ್ದಿತು. 60 ಕೋಟಿಗೂ ಮಿಕ್ಕ ವಿಳಾಸಗಳು ಆ ಬಿಂದುವನ್ನೇ ತೋರಿಸುತ್ತಿದ್ದುದು 2016ರಲ್ಲಿ ಬಯಲಾಗುವವರೆಗೆ, ಕಳ್ಳರನ್ನೂ ವಂಚಕರನ್ನೂ ಕಾಣೆಯಾದವರನ್ನೂ ಅರಸುತ್ತ ಪೊಲೀಸರು ನಿರಪರಾಧಿಗಳಾದ ಆ ನಿವಾಸಿಗಳ ಬಾಗಿಲಿಗೆ ವರ್ಷಗಟ್ಟಲೆ ಬಂದರು. ಬಳಿಕ ಸಂಸ್ಥೆಯು ಆ ಬಿಂದುವನ್ನು ಒಂದು ಸರೋವರದ ನಡುವಿಗೆ ಸರಿಸಿತು. ಯಾರೂ ಸುಳ್ಳು ಹೇಳಿರಲಿಲ್ಲ. ‘ತಿಳಿಯದು’ ಎಂಬುದನ್ನು ತಿಳಿದಂತೆ ಕಾಣುವ ಅಂಕೆಗಳಲ್ಲಿ ಬರೆದಿದ್ದರು, ಅಷ್ಟೇ.

2011ರ ಫೆಬ್ರವರಿಯಲ್ಲಿ ಕೇಂದ್ರಭಂಡಾರದ ವಿಳಾಸಗಳು ಬರಿದಾದ ಮೇಲೆ ಒಂದು ದೇಶದ ಸಮೂಹ ಮತ್ತೊಂದು ದೇಶಕ್ಕೆ ವಿಕ್ರಯವಾಗುವುದೂ, ಸಹಸ್ರಾರು ಮೊಬೈಲುಗಳು ಒಂದೇ ವಿಳಾಸದ ಹಿಂದೆ ನಿಲ್ಲುವುದೂ ವಾಡಿಕೆಯಾದುವು. ಹಾಸನದಲ್ಲಿ ಫೋನು ಹಿಡಿದವನು ದಾಖಲೆಯಲ್ಲಿ ಬೆಂಗಳೂರಿನವನೋ ಚೆನ್ನೈನವನೋ ಆಗಿ ಕಾಣಿಸಿಕೊಳ್ಳಬಹುದು. ಹತ್ತು ವರ್ಷದ ಹಿಂದಿನ ಲಾಗಿಗೆ ಇಂದಿನ ಕೋಷ್ಟಕದಿಂದ ಊರು ಬರೆದರೆ, ಅಂದು ಆ ವಿಳಾಸ ಇದ್ದ ದೇಶವೇ ತಪ್ಪಿಹೋಗಬಹುದು. ಆದುದರಿಂದ ದಾಖಲೆಗೆ ಊರನ್ನು ಸೇರಿಸುವವರು ಘಟನೆ ನಡೆದ ಕಾಲದಲ್ಲಿಯೇ ಅದನ್ನು ಸೇರಿಸಿ, ಯಾವ ಕೋಷ್ಟಕ, ಯಾವ ದಿನಾಂಕದ್ದು, ಎಷ್ಟು ಕಿಲೋಮೀಟರಿನ ಅಂದಾಜು ಎಂಬ ಮೂರನ್ನೂ ಜೊತೆಗಿಡುವುದು ಕರ್ತವ್ಯ. ಈ ಮೂರೂ ಇಲ್ಲದ ಊರಿನ ಹೆಸರನ್ನು ಹಿಡಿದು ಯಾವ ಪೊಲೀಸ್ ಠಾಣೆಯೂ ಒಬ್ಬನ ಬಾಗಿಲು ತಟ್ಟಬಾರದು, ಯಾವ ನ್ಯಾಯಾಲಯವೂ ಅದನ್ನು ಸಾಕ್ಷ್ಯವೆಂದು ಅಂಗೀಕರಿಸಬಾರದು.