ಬಚ್ಚಲುಮನೆಯ ಮೂರ್ಛೆ: ಮೆದುಳಿನ ನಕ್ಷೆ ಹೇಳಿದ್ದು, ಹೇಳದೇ ಇದ್ದದ್ದು

ಬ್ರೇನ್ ಮ್ಯಾಪಿಂಗ್ ಅಂದಕೂಡಲೇ ನಿಮಗೆ ಏನು ನೆನಪಾಗುತ್ತೆ? ನನಗೆ ನೆನಪಾಗೋದು ಟಿವಿ ನ್ಯೂಸ್. ಛಾಪಾಕಾಗದ ಹಗರಣದ ತೆಲಗಿ, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಅದರ ಬೆನ್ನಿಗೇ ಬ್ರೇನ್ ಮ್ಯಾಪಿಂಗ್. 2010ರ ಮೇ 5ರಂದು, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಇವ್ಯಾವನ್ನೂ ಯಾರ ಮೇಲೂ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಆ ಹೆಸರು ಪೊಲೀಸ್ ಸ್ಟೇಷನ್ನಿಗೇ ಅಂಟಿಕೊಂಡುಬಿಟ್ಟಿತ್ತು. ನಮ್ಮ ಚಿಕ್ಕಮ್ಮನಿಗೆ ಡಾಕ್ಟರು 'ಮೆದುಳಿನ ಮ್ಯಾಪಿಂಗ್ ಮಾಡಿಸಿ' ಅಂದಾಗ ಅಜ್ಜಿ ಕೇಳಿದ್ದು ಒಂದೇ ಮಾತು: "ನಮ್ಮ ಹುಡುಗಿ ಏನು ತಪ್ಪು ಮಾಡ್ಯಾಳೆ?"

ಅಜ್ಜಿ ಮನೆ ಚನ್ನಗಿರಿ ತಾಲೂಕಿನ ಹಳ್ಳಿ. ಬಚ್ಚಲಲ್ಲಿ ದೊಡ್ಡ ಹಂಡೆ, ಒಲೆಗೆ ಅಡಿಕೆ ಸಿಪ್ಪೆ. ಕುದಿಯೋ ನೀರಿಗೆ ಒಂದಿಷ್ಟು ತಣ್ಣೀರು ಬೆರೆಸಿ ತಲೆ ಮೇಲೆ ಸುರಿದುಕೊಂಡರೇನೇ ಸ್ನಾನ. ನಾಲ್ಕೈದು ಚೊಂಬು ಆಗೋದರೊಳಗೆ ಚಿಕ್ಕಮ್ಮ ಒಮ್ಮೊಮ್ಮೆ ಎಲ್ಲೋ ನೋಡ್ತಾ ಕೂತುಬಿಡೋಳು, ಆಮೇಲೆ ಕುಸಿದು ಬೀಳೋಳು. ಕೈಗೆ ಬೀಗದ ಕೈ ಹಿಡಿಸಿದ್ದಾಯ್ತು, ದೇವರಿಗೆ ಹರಕೆ ಹೊತ್ತಿದ್ದಾಯ್ತು. ಕೊನೆಗೆ ಪರೀಕ್ಷೆ ಮಾಡಿಸಿದರೆ ವರದಿ ನಾರ್ಮಲ್. ಏನೂ ಇಲ್ವಂತೆ ಅಂತ ಎಲ್ಲರಿಗೂ ಖುಷಿ, ಮಾತ್ರೆ ಬಿಟ್ಟರು. ದೀಪಾವಳಿಯ ಎಣ್ಣೆ ಸ್ನಾನದ ದಿನ ಮತ್ತೆ ಬಿದ್ದು ಹಣೆ ಒಡೆದುಕೊಂಡಳು.

ಹಾಗಾದರೆ ಆ ಯಂತ್ರ ಸುಳ್ಳು ಹೇಳಿತಾ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜರ್ಮನಿಯ ಯೇನಾ ಊರಿನ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಸಲ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಪ್ರಕಟಿಸಿದ್ದು 1929ರಲ್ಲಿ. ತಮಾಷೆ ಏನಂದರೆ, ಅವರನ್ನು ಈ ದಾರಿಗೆ ಎಳೆದದ್ದು ಒಬ್ಬರ ಮನಸ್ಸಿನ ಮಾತು ದೂರದಲ್ಲಿರೋ ಇನ್ನೊಬ್ಬರಿಗೆ ತಲುಪುತ್ತಾ ಅನ್ನೋ ಕುತೂಹಲ. ಅದು ಸಿಗಲಿಲ್ಲ, ಇಇಜಿ ಸಿಕ್ಕಿತು. ತಲೆಗೆ ಅಂಟು ಹಚ್ಚಿ ವೈರು ಸಿಕ್ಕಿಸ್ತಾರಲ್ಲ, ಅದೇ. ಎಲ್ಲೆಲ್ಲಿ ಸಿಕ್ಕಿಸಬೇಕು ಅನ್ನೋ ಅಳತೆ 1958ರಲ್ಲಿ ಪಕ್ಕಾ ಆಯಿತು: ಮೂಗಿನ ಬುಡದಿಂದ ಹಿಂದಲೆಯ ಗಂಟಿನವರೆಗೆ ಅಳೆದು, ಶೇ 10 ಮತ್ತು ಶೇ 20ರ ಅಂತರದಲ್ಲಿ. ಮುಂದೆ ಕಂಪ್ಯೂಟರ್ ಬಂದು ಆ ಅಲೆಗಳಿಗೆ ಕೆಂಪು, ನೀಲಿ ಬಣ್ಣ ತುಂಬಿತು. ಬ್ರೇನ್ ಮ್ಯಾಪಿಂಗ್ ಅಂತ ಬೋರ್ಡ್ ಹಾಕಿರೋದು ಸಾಮಾನ್ಯವಾಗಿ ಈ ಬಣ್ಣದ ಚಿತ್ರಕ್ಕೇ. ನೋಡೋಕೆ ಚೆಂದ. ಆದರೆ ಬಣ್ಣದ ಚಿತ್ರ ಒಂದನ್ನೇ ನಂಬಿ ರೋಗ ಹೇಳಬೇಡಿ ಅಂತ ಅಮೆರಿಕದ ನರರೋಗ ತಜ್ಞರ ಸಂಘ 1997ರಲ್ಲೇ ಎಚ್ಚರಿಸಿತ್ತು.

ಈಗ ನಮ್ಮ ಬಚ್ಚಲಿಗೆ ಬರೋಣ. ಬಿಸಿನೀರು ತಲೆಗೆ ಬಿದ್ದಾಗ ಮೂರ್ಛೆ ಬರೋದಕ್ಕೆ ವೈದ್ಯರು ಇಟ್ಟಿರೋ ಹೆಸರು ಹಾಟ್ ವಾಟರ್ ಎಪಿಲೆಪ್ಸಿ. ಬೇರೆ ದೇಶಗಳಲ್ಲಿ ಅಪರೂಪ, ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1974ರಲ್ಲಿ ಇಂಥ 108 ಜನರ ಲಕ್ಷಣ ಮತ್ತು ಇಇಜಿಯನ್ನು ಜಗತ್ತಿನ ಮುಂದಿಟ್ಟರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ತಂಡ 279 ಜನರನ್ನು ವಿವರಿಸಿತು. ಇವರಲ್ಲಿ ಬಹಳಷ್ಟು ಜನರ ಇಇಜಿ, ಮೂರ್ಛೆ ಇಲ್ಲದ ಹೊತ್ತಲ್ಲಿ ತೆಗೆದರೆ, ನಾರ್ಮಲ್! ಯಂತ್ರ ಸುಳ್ಳು ಹೇಳಿದ್ದಲ್ಲ. ಅದು ಆ ಅರ್ಧ ಗಂಟೆಯ ಮೆದುಳನ್ನು ಮಾತ್ರ ನೋಡಿತ್ತು. ನಮ್ಮೂರ ಹಳ್ಳ ಬೇಸಿಗೆಯಲ್ಲಿ ನೋಡಿದರೆ ಪ್ರವಾಹದ ಸುಳಿವು ಸಿಗುತ್ತಾ? ಮುಂದೆ ಮೂರ್ಛೆ ಬಂದ ಹೊತ್ತಲ್ಲೇ ರಕ್ತದ ಹರಿವು ತೋರಿಸೋ ಸ್ಪೆಕ್ಟ್ ಸ್ಕ್ಯಾನ್ ಮಾಡಿದಾಗ, ಕಿವಿಯ ಮೇಲ್ಭಾಗದ ಒಳಗಡೆ, ಟೆಂಪೊರಲ್ ಭಾಗದಲ್ಲಿ, ಚಟುವಟಿಕೆ ಹೆಚ್ಚಿದ್ದು ಕಂಡಿತು. ಆದರೆ ಸ್ಕ್ಯಾನ್‌ಗಿಂತ ಮುಂಚೆ ಈ ರೋಗ ಹಿಡಿದುಕೊಟ್ಟಿದ್ದು ಒಂದು ಪ್ರಶ್ನೆ: ಮೂರ್ಛೆ ಯಾವಾಗ ಬರುತ್ತೆ?

ಇದೇ ಡಾ. ಮಣಿ ಆಮೇಲೆ ಯಳಂದೂರಿನಲ್ಲಿ ಮನೆ ಮನೆ ಸಮೀಕ್ಷೆ ಮಾಡಿಸಿದರು, ಸುಮಾರು 65,000 ಜನರದ್ದು. ಹಳ್ಳಿಯಲ್ಲೇ ಅಗ್ಗದ ಫಿನೋಬಾರ್ಬಿಟೋನ್, ಫೆನಿಟೋಯಿನ್ ಮಾತ್ರೆ ಕೊಟ್ಟು ಮೂರ್ಛೆ ಹತೋಟಿಗೆ ತರಬಹುದು ಅಂತ ತೋರಿಸಿದ ಅವರ ವರದಿ 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ನನಗೆ ಬ್ರೇನ್ ಮ್ಯಾಪಿಂಗ್ ಚರಿತ್ರೆಯಲ್ಲಿ ಬರ್ಗರ್‌ಗಿಂತ ಇದು ದೊಡ್ಡದು ಅನ್ಸುತ್ತೆ. ಯಾಕಂದ್ರೆ ನಮ್ಮ ಕಡೆಯ ಭೂಪಟ ಎಷ್ಟೋ ಸಲ ಬದಲಾಗಿದೆ. 1997ಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿ. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ ತಾಲೂಕಂತೂ ಮೊನ್ನೆ ಮೊನ್ನೆಯದು. ಆದರೆ ನರರೋಗದ ಡಾಕ್ಟರನ್ನು ನೋಡೋಕೆ ಬಸ್ ಹತ್ತೋದು ತಪ್ಪಿಲ್ಲ. ಒಂದು ದಿನದ ಕೂಲಿ ಬಿಟ್ಟು ಹೋದವರಿಗೆ 'ನಾರ್ಮಲ್' ಅನ್ನೋ ಕಾಗದ ಸಿಕ್ಕರೆ, ಅವರು ಎರಡನೇ ಸಲ ಯಾಕೆ ಹೋಗ್ತಾರೆ ಹೇಳಿ?

ಚಿಕ್ಕಮ್ಮ ಹೋದಳು, ಹಣೆಗೆ ಹೊಲಿಗೆ ಬಿದ್ದಿತ್ತಲ್ಲ. ಈ ಸಲದ ಡಾಕ್ಟರು ವರದಿ ಪಕ್ಕಕ್ಕಿಟ್ಟು, ಬಿದ್ದಾಗ ಹತ್ತಿರ ಇದ್ದೋರು ಯಾರು ಅಂತ ಕೇಳಿದರು. ಅಜ್ಜಿ ಹಂಡೆಯಿಂದ ಹಿಡಿದು ಪೂರ್ತಿ ಹೇಳಿದಳು. ಉಗುರುಬೆಚ್ಚಗಿನ ನೀರು, ತಲೆಗೆ ಒಮ್ಮೆಲೇ ಸುರೀಬಾರದು, ತಲೆಸ್ನಾನದ ದಿನ ಮೊದಲೇ ಒಂದು ಕ್ಲೋಬಜಾಮ್ ಮಾತ್ರೆ. ಇದು ಅವಳಿಗೆ ಬರೆದುಕೊಟ್ಟಿದ್ದು. ನಿಮ್ಮ ಮನೆಯವರಿಗೆ ಏನು ಬೇಕು ಅಂತ ನಿಮ್ಮ ಡಾಕ್ಟರೇ ಹೇಳಬೇಕು.

ನಿಮ್ಮ ಕೈಯಲ್ಲಿ ಫೋನ್ ಇದೆಯಲ್ಲ, ಅದು ಅಜ್ಜಿಯ ಸಾಕ್ಷಿಯಷ್ಟೇ ಉಪಯೋಗಕ್ಕೆ ಬರುತ್ತೆ. ಯಾರಾದರೂ ಮೂರ್ಛೆ ಬಂದು ಬಿದ್ದರೆ ಬಾಯಿಗೆ ಏನೂ ತುರುಕಬೇಡಿ, ಬೀಗದ ಕೈ ಬೇಡ. ಮೊದಲು ಮಗ್ಗುಲಾಗಿ ಮಲಗಿಸಿ, ಹೊತ್ತು ನೋಡ್ಕೊಳ್ಳಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಪಕ್ಕದಲ್ಲಿ ಇನ್ನೊಬ್ಬರು ಇದ್ದರೆ ವಿಡಿಯೋ ತೆಗೆಯಲಿ, ಡಾಕ್ಟರಿಗೆ ಮಾತ್ರ ತೋರಿಸೋದಕ್ಕೆ, ಸ್ಟೇಟಸ್‌ಗೆ ಹಾಕೋದಕ್ಕಲ್ಲ.

ಚಿಕ್ಕಮ್ಮ ಈಗ ಉಗುರುಬೆಚ್ಚಗಿನ ನೀರಲ್ಲೇ ಸ್ನಾನ ಮಾಡ್ತಾಳೆ. ಅದನ್ನ ಸ್ನಾನ ಅಂತ ಅಜ್ಜಿ ಇವತ್ತಿಗೂ ಒಪ್ಪಲ್ಲ.